ಯಾರಿಗೂ ಕಾಣದ ಕಿವಿ ಮಿಷನ್ನು

"ಬುದ್ಧಿ, ಅವ್ವನಿಗೆ ಕಿವಿ ಮಿಷನ್ನು ತರಬೇಕು ಅಂತಿದ್ದೇನೆ. ಮೂರು ನಾಲ್ಕು ಬಗೆ ಇವೆಯಂತೆ. ಯಾರಿಗೂ ಕಾಣದಂಥದ್ದು ತರೋಣ ಅಂತ ಮನಸ್ಸು. ಅದೇ ಸರಿಯಲ್ಲವೇ?"

ಶಿಷ್ಯ ಮರುಳಸಿದ್ಧ ಹೀಗೆ ಕೇಳಿದಾಗ ಗುರುಗಳು ಮಠದ ಪಡಸಾಲೆಯಲ್ಲಿ ಕುಳಿತು ಕಡಲೆಕಾಯಿ ಬಿಡಿಸುತ್ತಿದ್ದರು. ಬೆಳಗಿನ ಪಾಠ ಮುಗಿದಿತ್ತು. ಮರುಳಸಿದ್ಧ ಏಳು ವರ್ಷ ಅವರ ಬಳಿ ಓದಿದವನು. ಬರುವ ತಿಂಗಳಿಂದ ಊರೂರಿಗೆ ಹೋಗಿ ಪ್ರವಚನ ಹೇಳುವವನಿದ್ದ.

"ಕಿವಿ ಮಿಷನ್ನಿನ ಅಂಗಡಿ ಯಾವಾಗ ಇಟ್ಟೆ ನಾನು?" ಎಂದರು ಗುರುಗಳು. "ಇರಲಿ. ಕಾಣದಂಥದ್ದೇ ಯಾಕೆ?"

"ಪ್ರವಚನದ ದಿನ ಅವ್ವ ಮುಂದಿನ ಸಾಲಿನಲ್ಲಿ ಕೂರುತ್ತಾಳೆ, ಬುದ್ಧಿ. ಜನ ಬಂದು ಅವಳ ಕಾಲಿಗೂ ಬೀಳುತ್ತಾರೆ. ಎದೆಯ ಮೇಲೆ ಪೆಟ್ಟಿಗೆ, ಕಿವಿಗೆ ವೈರು ಇದ್ದರೆ ಏನು ಚೆನ್ನ?"

ಗುರುಗಳು ಕಡಲೆಕಾಯಿಯ ಮೊರವನ್ನು ಪಕ್ಕಕ್ಕೆ ಸರಿಸಿದರು. ಅವರಿಗೆ ಸಿಟ್ಟು ಬಂದಿದೆ ಎಂದು ಮರುಳಸಿದ್ಧನಿಗೆ ತಿಳಿಯಿತು.

"ಅಂದರೆ ನೀನು ಹೇಳುವ ಪ್ರವಚನ ಹೆತ್ತವಳಿಗೆ ಕೇಳುತ್ತದೋ ಇಲ್ಲವೋ, ಆ ಯೋಚನೆ ನಿನಗಿಲ್ಲ. ಅವಳು ಅಲ್ಲಿ ಕೂತಿರುವುದು ಚೆನ್ನಾಗಿ ಕಾಣಬೇಕು. ಕೂತುಕೋ. ಒಂದು ಕತೆ ಹೇಳುತ್ತೇನೆ. ನಡುವೆ ಬಾಯಿ ಹಾಕಬೇಡ."

ಗುರುಗಳು ಹೇಳಿದ ಕತೆ ಇದು.

ಒಂದು ಊರಿನಲ್ಲಿ ಒಬ್ಬ ರೈಸ್‌ಮಿಲ್ಲಿನ ಯಜಮಾನ ಇದ್ದ. ಹೆಸರು ಬೇಡ. ಆ ಮನೆಯವರು ಇನ್ನೂ ಇದ್ದಾರೆ, ಮಿಲ್ಲೂ ಇದೆ. ಫೋನು ಮನೆಮನೆಗೆ ಬರುವುದಕ್ಕೆ ಮುಂಚಿನ ಮಾತು ಇದು. ಮೂವತ್ತು ವರ್ಷ ಅವನು ಆ ಮಿಲ್ಲಿನ ಸದ್ದಿನಲ್ಲಿ ನಿಂತಿದ್ದ. ಸದ್ದು ಅವನ ಕಿವಿಯನ್ನು ದಿನಕ್ಕಿಷ್ಟು ಎಂದು ತಿಂದುಹಾಕಿತು. ಅದು ಯಾರಿಗೂ ತಿಳಿಯಲಿಲ್ಲ, ಅವನಿಗೂ ತಿಳಿಯಲಿಲ್ಲ. ಯಾಕೆಂದರೆ ಮಿಲ್ಲಿನಲ್ಲಿ ಎಲ್ಲರೂ ಕಿರುಚಿಯೇ ಮಾತಾಡುತ್ತಾರೆ. ಮೂಟೆ ಹೊರುವವನು ಕಿರುಚುತ್ತಾನೆ, ಭತ್ತ ತಂದವನೂ ಕಿರುಚುತ್ತಾನೆ. ಅಲ್ಲಿ ಯಜಮಾನನಿಗೆ ಎಲ್ಲವೂ ಕೇಳುತ್ತಿತ್ತು. ಮನೆಗೆ ಬಂದರೆ ಎಲ್ಲರೂ ಅವನೆದುರು ಮೆಲ್ಲಗೆ ಮಾತಾಡುತ್ತಿದ್ದರು. ದೊಡ್ಡವರೆದುರು ಮೆಲ್ಲಗೆ ಮಾತಾಡುವುದು ಮರ್ಯಾದೆ ಅಂತ ನಮಗೆ ಹೇಳಿಕೊಟ್ಟಿದ್ದಾರಲ್ಲ. ಆ ಮರ್ಯಾದೆಯಲ್ಲಿ ಅವನ ಕಿವಿಗೆ ಒಂದಕ್ಷರವೂ ಬೀಳುತ್ತಿರಲಿಲ್ಲ.

ಕೇಳದೆ ಹೋದಾಗ ಅವನು ಒಂದು ಉಪಾಯ ಕಲಿತ. ಎದುರಿನವರ ಮುಖ ನೋಡಬೇಕು, ಏನು ಹೇಳಿರಬಹುದು ಎಂದು ಅಂದಾಜು ಮಾಡಬೇಕು, ಹೂಂ ಅನ್ನಬೇಕು. ಊಟಕ್ಕೆ ಬಡಿಸಲೇ ಅಂದರೂ ಹೂಂ. ಮಳೆ ಬರುವ ಹಾಗಿದೆ ಅಂದರೂ ಹೂಂ. ನೂರಕ್ಕೆ ತೊಂಬತ್ತು ಸಲ ಅದು ಸರಿಹೋಗುತ್ತದೆ. ಹೂಂ ಅಂದವರನ್ನು ನಮ್ಮ ಜನ ಮತ್ತೇನೂ ಕೇಳುವುದಿಲ್ಲ, ಒಪ್ಪಿಗೆ ಸಿಕ್ಕಿತು ಅಂತ ಎದ್ದು ಹೋಗುತ್ತಾರೆ. ಯಜಮಾನರು ಮಾತು ಕಡಿಮೆ, ತೂಕದ ಮನುಷ್ಯ ಎಂದು ಊರಿನಲ್ಲಿ ಹೆಸರೂ ಬಂತು.

ಹೆಂಡತಿ ಇರುವವರೆಗೆ ಹೇಗೋ ನಡೆಯಿತು. ಅವಳು ಅವನ ಕಿವಿಯ ಹತ್ತಿರ ಬಾಯಿಟ್ಟು ಗದರುತ್ತಿದ್ದಳು. ಮಿಕ್ಕವರ ಮಾತನ್ನು ಅವಳೇ ಅವನಿಗೆ ದಾಟಿಸುತ್ತಿದ್ದಳು. ಅವಳು ತೀರಿಕೊಂಡ ಮೇಲೆ ದಾಟಿಸುವವರು ಇಲ್ಲವಾದರು. ಅಪ್ಪನಿಗೆ ಕಿವಿ ಹೋಗಿದೆ ಎಂದು ಹಿರಿಯ ಮಗನಿಗೆ ಆಗ ತಿಳಿಯಿತು.

ಅಷ್ಟು ಹೊತ್ತಿಗೆ ಕಿರಿಯ ಮಗನಿಗೆ ಹೆಣ್ಣು ಗೊತ್ತಾಗಿತ್ತು. ಒಪ್ಪುವೀಳ್ಯಕ್ಕೆ ಬೀಗರು ಬರುವ ದಿನ ಹತ್ತಿರವಿತ್ತು. ಹಿರಿಯ ಮಗನಿಗೆ ಹತ್ತಿದ್ದು ಅಪ್ಪನ ಕಿವಿಯ ಚಿಂತೆಯಲ್ಲ, ಬೀಗರ ಚಿಂತೆ. ಈ ಮನೆತನದಲ್ಲಿ ಕಿವುಡು ಇದೆ, ನಾಳೆ ಹುಟ್ಟುವ ಮಕ್ಕಳಿಗೂ ಬರುತ್ತದೆ ಎಂದು ಅವರು ಹಿಂದೆ ಸರಿದರೆ? ಮಿಲ್ಲಿನ ಸದ್ದಿಗೆ ಹೋದ ಕಿವಿ ಮೊಮ್ಮಕ್ಕಳಿಗೆ ಹೇಗೆ ಬರುತ್ತದೆ, ಹೇಳು ನೋಡೋಣ. ಆದರೆ ಅದನ್ನು ಬೀಗರಿಗೆ ಬಿಡಿಸಿ ಹೇಳಬೇಕಾದರೆ ಕಿವಿ ಹೋಗಿದೆ ಎಂದು ಮೊದಲು ಬಾಯಿ ಬಿಡಬೇಕು. ಅದಕ್ಕೆ ಅವನು ತಯಾರಿರಲಿಲ್ಲ.

ಅಪ್ಪನನ್ನು ಪಟ್ಟಣಕ್ಕೆ ಕರೆದುಕೊಂಡು ಹೋದ. ಅಲ್ಲಿ ಕಿವಿ ಪರೀಕ್ಷೆ ಮಾಡುವ ಒಬ್ಬ ಹೆಣ್ಣುಮಗಳಿದ್ದಳು. ಕೆಲಸ ಬಲ್ಲವಳು. ಅವಳು ಪರೀಕ್ಷೆ ಮುಗಿಸಿ ಮೂರು ಬಗೆಯ ಮಿಷನ್ನುಗಳನ್ನು ಮೇಜಿನ ಮೇಲೆ ಇಟ್ಟಳು. ಒಂದು ಜೇಬಿಗೆ ಸಿಕ್ಕಿಸುವ ಪೆಟ್ಟಿಗೆ, ಅದರಿಂದ ಕಿವಿಗೆ ಒಂದು ವೈರು. ಇನ್ನೊಂದು ಕಿವಿಯ ಹಿಂದೆ ಕೊಕ್ಕೆ ಹಾಕಿದ ಹಾಗೆ ಕೂರುವುದು. ಮೂರನೆಯದು ಕಡಲೆಕಾಳಿನಷ್ಟು, ಕಿವಿಯ ತೂತಿನೊಳಗೇ ಅಡಗುವುದು.

ಅವಳು ಮೊದಲು ಪೆಟ್ಟಿಗೆಯನ್ನು ಯಜಮಾನನ ಜೇಬಿಗೆ ಸಿಕ್ಕಿಸಿದಳು. ಮುಖ ಕಾಣದ ಹಾಗೆ ಅವನ ಬೆನ್ನ ಹಿಂದೆ ನಿಂತು, ಸಣ್ಣ ದನಿಯಲ್ಲಿ, ನಿಮ್ಮದು ಯಾವ ಊರು ಎಂದು ಕೇಳಿದಳು. ಯಜಮಾನ ಊರಿನ ಹೆಸರು ಹೇಳಿದ. ಹೇಳಿದ ಮೇಲೆ ಅವನಿಗೇ ಆಶ್ಚರ್ಯವಾಯಿತು. ಮೇಲೆ ತಿರುಗುವ ಫ್ಯಾನಿಗೆ ಸದ್ದಿದೆ ಎಂಬುದು ಅವನಿಗೆ ಮರೆತೇಹೋಗಿತ್ತು. ಚಪ್ಪಲಿಯನ್ನು ನೆಲಕ್ಕೆ ಉಜ್ಜಿ ಉಜ್ಜಿ ಅದರ ಸದ್ದು ಕೇಳಿಸಿಕೊಂಡ. ತನ್ನ ದನಿ ಎಷ್ಟು ದೊಡ್ಡದು ಎಂದು ತಿಳಿದು, ನಾಚಿಕೊಂಡು, ಮೆಲ್ಲಗೆ ಮಾತಾಡಿದ. ಕಾಲು ಗಂಟೆ ಅವನು ಹಾಗೆ ಖುಷಿಯಾಗಿ ಕೂತಿದ್ದ. ಇದನ್ನು ಅವನೇ ನನಗೆ ಹೇಳಿದ. ಆ ಕಾಲು ಗಂಟೆಯ ಮಾತು ಹೇಳುವಾಗ ಅವನ ಮುಖ ನೋಡಬೇಕಿತ್ತು ನೀನು.

ಪೆಟ್ಟಿಗೆಯದಾದರೂ ಆಗಲಿ, ಕಿವಿಯ ಹಿಂದೆ ಕೂರುವುದಾದರೂ ಆಗಲಿ, ಎರಡರಲ್ಲಿ ಒಂದನ್ನು ಆರಿಸಿಕೊಳ್ಳಿ ಎಂದಳು ಆ ಹೆಣ್ಣುಮಗಳು. ಮಗ ಮೂರನೆಯದರ ಮೇಲೆ ಬೆರಳಿಟ್ಟ. ಅವಳು ಬೇಡ ಎಂದಳು. ಸುಮ್ಮನೆ ಬೇಡ ಅನ್ನಲಿಲ್ಲ, ಕೂರಿಸಿಕೊಂಡು ತಿಳಿಸಿ ಹೇಳಿದಳು. ಕಿವಿ ಇಷ್ಟು ಹೋಗಿರುವವರಿಗೆ ಈ ಪುಟ್ಟದರ ಜೋರು ಸಾಲದು, ಜೋರು ಹೆಚ್ಚಿಸಿದರೆ ಕುಯ್ಯೆಂದು ಕೂಗುತ್ತದೆ ಎಂದಳು. ಅದಕ್ಕೆ ಹಾಕುವ ಸೆಲ್ಲನ್ನು ಯಜಮಾನನ ಕೈಗೆ ಕೊಟ್ಟು ಹಾಕಿ ನೋಡಿ ಎಂದಳು. ಮೂಟೆ ಹಿಡಿದ ಬೆರಳು ಅವು. ಸೆಲ್ಲು ಮೂರು ಸಲ ನೆಲಕ್ಕೆ ಬಿತ್ತು. ಮಿಲ್ಲಿನ ತೌಡಿನ ಧೂಳಿಗೂ ಕಿವಿಯ ಗುಗ್ಗೆಗೂ ಇದರ ತೂತು ಎಂಟು ದಿನಕ್ಕೆ ಕಟ್ಟಿಕೊಳ್ಳುತ್ತದೆ ಎಂದೂ ಹೇಳಿದಳು. ಇನ್ನು ಹೇಗೆ ಹೇಳಬೇಕು ಒಬ್ಬ ಮನುಷ್ಯನಿಗೆ?

"ಅದೆಲ್ಲ ಇರಲಿ. ಕಾಣಬಾರದು, ಅಷ್ಟೇ" ಎಂದ ಮಗ.

"ಯಾರಿಗೆ?" ಎಂದಳು ಅವಳು.

 ಮಗ ಅಪ್ಪನ ಕಡೆ ಬಗ್ಗಿ, "ಇದನ್ನು ಕಟ್ಟಿಕೊಂಡು ಬೀಗರ ಮುಂದೆ ಕೂರುತ್ತೀಯಾ ಅಪ್ಪ?" ಎಂದ. ಪೆಟ್ಟಿಗೆ ಇನ್ನೂ ಯಜಮಾನನ ಜೇಬಿನಲ್ಲೇ ಇತ್ತು, ವೈರು ಕಿವಿಯಲ್ಲೇ ಇತ್ತು. ಮಗನ ಆ ಮಾತು ಅವನಿಗೆ ಚೆನ್ನಾಗಿ ಕೇಳಿತು. ಅವನು ವೈರನ್ನು ಕಿವಿಯಿಂದ ತೆಗೆದು, ಪೆಟ್ಟಿಗೆಯನ್ನು ಮೇಜಿನ ಮೇಲೆ ಇಟ್ಟುಬಿಟ್ಟ.

ಆ ಯಜಮಾನನನ್ನೂ ನಾನು ಬಿಡುವುದಿಲ್ಲ. ಮೂವತ್ತು ಜನ ಆಳುಗಳನ್ನು ಕಣ್ಣಿನಲ್ಲೇ ನಿಲ್ಲಿಸುತ್ತಿದ್ದವನು, ಲೈಸೆನ್ಸು ಕೇಳಿಕೊಂಡು ಬಂದ ಅಧಿಕಾರಿಗಳಿಗೆ ಎದುರು ನಿಂತವನು, ಕೆಪ್ಪ ಎಂಬ ಎರಡಕ್ಷರಕ್ಕೆ ಹೆದರಿದ. ಕನ್ನಡಕ ಹಾಕಿಕೊಂಡರೆ ನಾವು ಯಾರನ್ನೂ ಕುರುಡ ಅನ್ನುವುದಿಲ್ಲ, ಓದಿದವರು ಅನ್ನುತ್ತೇವೆ. ಕಣ್ಣಿಗೆ ಗಾಜು ಕಟ್ಟಿಕೊಂಡರೆ ಗೌರವ, ಕಿವಿಗೆ ವೈರು ಕಟ್ಟಿಕೊಂಡರೆ ನಗೆಪಾಟಲು. ಯಾವ ಪುಣ್ಯಾತ್ಮ ಮಾಡಿದ ಕಾನೂನು ಇದು? ಆದರೂ ಅವನು ಪೆಟ್ಟಿಗೆಯನ್ನು ಕೈಯಾರೆ ಹಿಂದಿರುಗಿಸಿದ. ಅದು ಅವನ ತಪ್ಪು.

ಕಾಣದ ಮಿಷನ್ನು ಮನೆಗೆ ಬಂತು. ಒಪ್ಪುವೀಳ್ಯದ ದಿನ ಯಜಮಾನ ಅದನ್ನು ಕಿವಿಯೊಳಗೆ ಇಟ್ಟುಕೊಂಡು ಬೀಗರ ಎದುರು ಕೂತ. ಯಾರಿಗೂ ಕಾಣಲಿಲ್ಲ. ವೀಳ್ಯ ಬದಲಾಯಿಸಿದರು, ಎಲೆಯಡಿಕೆ ಬಾಯಿಗೆ ಹಾಕಿಕೊಂಡರು. ಯಜಮಾನ ಅಗಿಯತೊಡಗಿದ. ದವಡೆ ಆಡಿದರೆ ಕಿವಿಯ ತೂತೂ ಆಡುತ್ತದೆ. ಮಿಷನ್ನು ಸಡಿಲವಾಗಿ ಕುಯ್ಯೆಂದಿತು. ಎಲ್ಲೋ ಜೀರುಂಡೆ ಸೇರಿಕೊಂಡಿದೆ ಎಂದು ಬೀಗರಲ್ಲಿ ಒಬ್ಬರು ಮೇಲೆ ತೊಲೆಯ ಕಡೆ ನೋಡಿದರು. ಹಿರಿಯ ಮಗ ಕಣ್ಣುಸನ್ನೆ ಮಾಡಿದ. ಯಜಮಾನ ಕಿವಿ ಕೆರೆದುಕೊಳ್ಳುವವನಂತೆ ಉಗುರು ಹಾಕಿ ಜೋರು ಪೂರಾ ತಗ್ಗಿಸಿದ. ಅವತ್ತು ತಗ್ಗಿಸಿದ್ದನ್ನು ಮತ್ತೆ ಏರಿಸಲಿಲ್ಲ.

ಈಗ ಅದೇನಾಯಿತು ಗೊತ್ತೇ? ಕಿವಿಗೆ ಬಿರಡೆಯಾಯಿತು. ಮೊದಲು ಅಷ್ಟೋ ಇಷ್ಟೋ ಬೀಳುತ್ತಿದ್ದ ಮಾತೂ ಈಗ ಒಳಗೆ ಹೋಗಲಿಲ್ಲ. ಯಾರಿಗೂ ಕಾಣಲಿಲ್ಲ, ಅವನಿಗೂ ಕೇಳಲಿಲ್ಲ. ಹಿರಿಯ ಮಗನಿಗೆ ಮಾತ್ರ ಬಹಳ ಸಮಾಧಾನ.

ಮದುವೆಯಾಯಿತು. ಸೊಸೆ ಮನೆಗೆ ಬಂದಳು. ಮಾವನಿಗೆ ಕಿವಿ ಕೇಳುವುದಿಲ್ಲ ಎಂದು ಅವಳಿಗೆ ಯಾರೂ ಹೇಳಲಿಲ್ಲ. ಅವಳ ಗಂಡನೂ ಹೇಳಲಿಲ್ಲ, ಅಣ್ಣ ಹೇಳಬೇಡ ಅಂದಿದ್ದ. ಮದುವೆಯಾಗಿ ವರ್ಷ ತುಂಬಲಿ, ಆಮೇಲೆ ನೋಡೋಣ ಎಂದಿದ್ದ.

ಆ ಹುಡುಗಿಯನ್ನು ಅವಳ ತಾಯಿ ಒಬ್ಬಳೇ ಬೆಳೆಸಿದ್ದಳು. ಕಳಿಸುವಾಗ ತಾಯಿ ಒಂದು ಮಾತು ಹೇಳಿದ್ದಳು. ಮಾವನ ಮುಂದೆ ದನಿ ಎತ್ತಬೇಡ, ಮುಖ ಎತ್ತಬೇಡ, ಒಂದು ಮಾತನ್ನು ಎರಡು ಸಲ ಕೇಳಿ ಪೀಡಿಸಬೇಡ. ಸೊಸೆ ಅದನ್ನು ಅಕ್ಷರ ಬಿಡದೆ ಪಾಲಿಸಿದಳು. ಬಾಗಿಲ ಪಕ್ಕದಲ್ಲಿ ನಿಂತು, ತಲೆ ತಗ್ಗಿಸಿ, ಸೆರಗಿನೊಳಗೇ ಮಾತಾಡುತ್ತಿದ್ದಳು. ತುಟಿ ಕಂಡಿದ್ದರೆ ಅವನು ಅಂದಾಜಾದರೂ ಮಾಡುತ್ತಿದ್ದ. ತುಟಿಯೂ ಕಾಣಲಿಲ್ಲ. ಕಾಫಿ ತರಲೇ ಎಂದರೆ ಹೂಂ ಅನ್ನುತ್ತಿದ್ದ, ನೀರು ಕಾದಿದೆ ಎಂದರೆ ಹೂಂ ಅನ್ನುತ್ತಿದ್ದ. ಅದರಲ್ಲೇ ಆರು ತಿಂಗಳು ಕಳೆಯಿತು. ಮಾವ ಒಳ್ಳೆಯವರು, ಕೇಳಿದ್ದಕ್ಕೆಲ್ಲ ಹೂಂ ಅನ್ನುತ್ತಾರೆ ಎಂದು ಅವಳು ತಾಯಿಗೆ ಕಾಗದ ಬರೆದಳು. ಯಜಮಾನನಿಗೂ ಅವಳ ಮೇಲೆ ಪ್ರೀತಿ. ನಮ್ಮ ಸೊಸೆ ಎಷ್ಟು ಮೆತ್ತಗಿನ ಹುಡುಗಿ ಎಂದು ಮಿಲ್ಲಿನ ಸದ್ದಿನಲ್ಲಿ ಕಿರುಚಿ ಕಿರುಚಿ ಎಲ್ಲರಿಗೂ ಹೇಳುತ್ತಿದ್ದ.

ಒಂದು ದಿನ ತೌರಿನಿಂದ ಕಾಗದ ಬಂತು. ತಾಯಿಗೆ ಕಾಯಿಲೆ ಜೋರಾಗಿದೆ, ಮಗಳನ್ನು ನೋಡಬೇಕು ಅನ್ನುತ್ತಿದ್ದಾಳೆ, ಬೇಗ ಹೊರಟು ಬಾ ಎಂದು ಸೋದರಮಾವ ಬರೆದಿದ್ದ. ತೌರೂರು ದೂರವೇನಲ್ಲ. ಎರಡು ಬಸ್ಸು ಬದಲಾಯಿಸಿದರೆ ಹೊತ್ತು ಮುಳುಗುವುದರೊಳಗೆ ಮುಟ್ಟಬಹುದು. ಗಂಡ ಭತ್ತ ಕೊಳ್ಳುವುದಕ್ಕೆ ಲಾರಿಯ ಜೊತೆ ಹೊಳೆಸೀಮೆಗೆ ಹೋಗಿದ್ದ. ಅವನು ಬರುವುದು ಇನ್ನೂ ಹತ್ತು ದಿನ. ಅವಳು ಕಾಗದ ಹಿಡಿದುಕೊಂಡು ಹಿರಿಯ ಭಾವನ ಹತ್ತಿರ ಹೋದಳು.

ಭಾವ ಏನಂದ? "ಅಪ್ಪನನ್ನು ಒಂದು ಮಾತು ಕೇಳಮ್ಮ. ಈ ಮನೆಯ ಹೆಣ್ಣುಮಕ್ಕಳು ಹೊಸಿಲು ದಾಟುವುದು ಅಪ್ಪನ ಮಾತಿನ ಮೇಲೆ" ಅಂದ. ಗಟ್ಟಿಯಾಗಿ ಕೇಳು ಅನ್ನಲಿಲ್ಲ. ಆ ಒಂದು ಮಾತು ಸಾಕಿತ್ತು, ಮರುಳಸಿದ್ಧ. ಗಟ್ಟಿಯಾಗಿ ಕೇಳು ಎಂದಿದ್ದರೆ ಸಾಕಿತ್ತು. ಅವನ ನಾಲಿಗೆ ಹೊರಳಲಿಲ್ಲ.

ಯಜಮಾನ ಮಿಲ್ಲಿಗೆ ಹೊರಡಲು ಚಪ್ಪಲಿ ಮೆಟ್ಟಿಕೊಳ್ಳುತ್ತಿದ್ದ. ಅವಳು ಬಾಗಿಲ ಪಕ್ಕ ನಿಂತು, "ಮಾವ, ಅವ್ವನಿಗೆ ಜೋರಾಗಿದೆಯಂತೆ. ಹೋಗಿ ಮುಖ ನೋಡಿಕೊಂಡು ಬರಲೇ?" ಎಂದಳು. ಏನೋ ಕೇಳುತ್ತಿದ್ದಾಳೆ ಎಂದು ಅವನಿಗೆ ತಿಳಿಯಿತು. ಹೊರಡುವ ಹೊತ್ತಿನಲ್ಲಿ ಸೊಸೆ ಕೇಳುವುದು ಮತ್ತೇನು, ತಿಂಡಿಯ ಮಾತೇ ಇರಬೇಕು ಎಂದುಕೊಂಡ. "ಹೂಂ. ಮಿಲ್ಲಿನಿಂದ ಬಂದ ಮೇಲೆ ಆಗಲಿ" ಎಂದು ಹೊರಟುಹೋದ.

ಬಂದ ಮೇಲೆ ಕಳಿಸುತ್ತಾರೆ ಎಂದು ಅವಳು ತಿಳಿದಳು. ಎರಡು ಸೀರೆ ಗಂಟು ಕಟ್ಟಿದಳು. ತಲೆ ಬಾಚಿಕೊಂಡಳು. ಬಸ್ಸಾರು ಮಾಡಿ, ಮುದ್ದೆ ಕಟ್ಟಿ ಕಾದಳು. ಯಜಮಾನ ಮಧ್ಯಾಹ್ನ ಬಂದ. ಉಂಡ. ಒಂದು ಗಳಿಗೆ ಒರಗಿಕೊಂಡ. ಎದ್ದು ಮತ್ತೆ ಮಿಲ್ಲಿಗೆ ಹೋದ. ಗಂಟು ಬಾಗಿಲ ಹಿಂದೆ ಹಾಗೇ ಇತ್ತು. ಮಧ್ಯಾಹ್ನದ ಬಸ್ಸು ಹೋಯಿತು.

ಮರುದಿನ ಬೆಳಿಗ್ಗೆ ಅವಳು ತಾಯಿ ಹೇಳಿದ್ದನ್ನು ಮೀರಿದಳು. ಮೀರಿದ್ದು ಆ ತಾಯಿಗೋಸ್ಕರವೇ. ಒಂದು ಮಾತನ್ನು ಎರಡನೆಯ ಸಲ ಕೇಳಲು ಬಾಗಿಲ ಹತ್ತಿರ ಬಂದಳು. "ಮಾವ, ನಿನ್ನೆ ಕೇಳಿದ್ದೆನಲ್ಲ" ಎಂದಳು. ಮುಂದಿನ ಮಾತು ಸೆರಗಿನೊಳಗೇ ಉಳಿಯಿತು. ಇವತ್ತೂ ಅಡುಗೆಯ ಮಾತೇ, ನಿನ್ನೆಯ ಸಾರು ಹೇಗಿತ್ತು ಎಂದು ಕೇಳುತ್ತಿದ್ದಾಳೆ ಎಂದುಕೊಂಡ ಯಜಮಾನ. ನಕ್ಕು, "ನಿನ್ನೆಯದು ಬಹಳ ಚೆನ್ನಾಗಿತ್ತು ಕಣವ್ವ. ಇವತ್ತೂ ಅದನ್ನೇ ಮಾಡು" ಎಂದ.

ಪ್ರೀತಿಯಿಂದ ಹೇಳಿದ ಮಾತು. ಅದು ಅವಳಿಗೆ ಹೇಗೆ ಕೇಳಿಸಿರಬೇಕು, ಯೋಚಿಸು. ಸಾಯುತ್ತಿರುವ ತಾಯಿಯನ್ನು ನೋಡಲು ಬಿಡಿ ಎಂದರೆ, ನಿನ್ನೆ ಹೇಗೆ ಕಾಯ್ದೆಯೋ ಇವತ್ತೂ ಹಾಗೇ ಕಾಯಿ ಎಂದು ನಗುತ್ತಿದ್ದಾರೆ. ಅವಳು ಒಳಗೆ ಹೋಗಿ ಬಸ್ಸಾರು ಮಾಡಿದಳು. ಅಳುತ್ತಲೇ ಸೊಪ್ಪು ಬಿಡಿಸಿದಳು, ಅಳುತ್ತಲೇ ಬಸಿದಳು.

ತಿಂಡಿಗೆ ಬಂದ ಭಾವ ಅವಳ ಮುಖ ನೋಡಿದ. ಅಪ್ಪನನ್ನು ಕೇಳಿದೆಯಾ ಅಂದ. ಅವಳು ಇದ್ದದ್ದನ್ನು ಇದ್ದ ಹಾಗೆ ಹೇಳಿದಳು. ನಿನ್ನೆ ಹೂಂ ಅಂದರು, ಇವತ್ತು ನಿನ್ನೆಯದು ಚೆನ್ನಾಗಿತ್ತು ಅಂದರು. ಏನಾಗಿದೆ ಎಂದು ಅವನಿಗೆ ಆ ಕ್ಷಣವೇ ತಿಳಿಯಿತು. ಇದನ್ನು ಅವನೇ ಆಮೇಲೆ ಬಂದು ನನ್ನೆದುರು ಒಪ್ಪಿಕೊಂಡ. ಅಪ್ಪನಿಗೆ ಕಿವಿ ಕೇಳುವುದಿಲ್ಲಮ್ಮ, ನೀನು ಹೊರಡು ಅನ್ನಬಹುದಿತ್ತು. ಅಂದರೆ, ಆರು ತಿಂಗಳಿಂದ ಯಾಕೆ ಮುಚ್ಚಿಟ್ಟಿರಿ ಎಂದು ಅವಳು ಕೇಳುತ್ತಾಳೆ. ತೌರಿಗೆ ಹೋಗಿ ಅಲ್ಲಿ ಹೇಳುತ್ತಾಳೆ. ಬೀಗರು ಊರೆಲ್ಲ ಆಡಿಕೊಳ್ಳುತ್ತಾರೆ. ಇಷ್ಟನ್ನು ಅವನು ರೊಟ್ಟಿ ಮುರಿಯುತ್ತ ಲೆಕ್ಕ ಹಾಕಿದ. ಮಿಲ್ಲಿನಲ್ಲಿ ನಾನೇ ಅಪ್ಪನಿಗೆ ಹೇಳಿ ಮಧ್ಯಾಹ್ನ ಕಳಿಸಿಕೊಡುತ್ತೇನೆ, ಯಾರಿಗೂ ತಿಳಿಯದೆ ಮುಗಿಯುತ್ತದೆ ಎಂದುಕೊಂಡ. ಅವಳಿಗೆ ಸರಿ ಬಿಡಮ್ಮ ಅಂದ. ಮಿಲ್ಲಿಗೆ ಹೋದ. ಅವತ್ತು ಬೆಲ್ಟು ಹರಿದು ಮಿಲ್ಲು ನಿಂತುಬಿಟ್ಟಿತ್ತು. ಆ ಗಲಾಟೆಯಲ್ಲಿ ಮರೆತನಂತೆ.

ಮರೆತನಂತೆ. ಇಪ್ಪತ್ತು ವರ್ಷದ ಮೇಲೆ ನನಗೆ ಅದನ್ನು ಹೇಳಿದ. ನನಗೆ ಇವತ್ತಿಗೂ ಮೈ ಉರಿಯುತ್ತದೆ. ಬೆಲ್ಟು ಹರಿದದ್ದು ನೆನಪಿತ್ತು, ಯಾವ ಅಂಗಡಿಯಿಂದ ಹೊಸದು ತಂದದ್ದು ಎಂಬುದೂ ನೆನಪಿತ್ತು. ಬಾಗಿಲ ಹಿಂದೆ ಗಂಟು ಕಟ್ಟಿಟ್ಟುಕೊಂಡು ಒಂದು ಹುಡುಗಿ ಕಾಯುತ್ತಿರುವುದು ಮರೆತಿತ್ತು.

ಮೂರನೆಯ ದಿನ ಬೆಳಿಗ್ಗೆ ಸೋದರಮಾವನೇ ಬಂದ. ಹಿಂದಿನ ದಿನ ಮಧ್ಯಾಹ್ನ ಅವಳ ತಾಯಿ ಹೋಗಿಬಿಟ್ಟಿದ್ದಳು. ಹೆಣ ಇಟ್ಟುಕೊಂಡು ಮಗಳಿಗಾಗಿ ಕಾಯುತ್ತಿದ್ದರು. ಅವನು ಅಂಗಳದಲ್ಲಿ ನಿಂತು ಮನೆ ಅದುರುವ ಹಾಗೆ ಕೂಗಿದ. ಕಾಗದ ಬರೆದೆನಲ್ಲ, ಯಾಕೆ ಕಳಿಸಲಿಲ್ಲ, ಎರಡು ದಿನ ಮಗಳ ಹೆಸರು ಹಿಡಿದು ಕರೆದಳು, ನೀವು ಮನುಷ್ಯರೇ ಎಂದ. ಅಕ್ಕಪಕ್ಕದವರು ಬಂದು ಸೇರಿದರು. ಮಿಲ್ಲಿನ ಆಳುಗಳು ಬಂದು ನಿಂತರು.

ಈ ಕೂಗು ಯಜಮಾನನಿಗೆ ಕೇಳಿತು. ಬೈಗುಳ ಎಂದಾದರೂ ಮೆಲ್ಲಗೆ ಬರುತ್ತದೆಯೇ? ಬಿರಡೆ ದಾಟಿಕೊಂಡು ಒಳಗೆ ಹೋಯಿತು. ಅವನಿಗೆ ಸಿಡಿಲು ಹೊಡೆದ ಹಾಗಾಯಿತು. ತಾಯಿಗೆ ಕಾಯಿಲೆ ಎಂಬುದೇ ಅವನಿಗೆ ಗೊತ್ತಿಲ್ಲ. "ಕಳಿಸಿ ಎಂದು ನನ್ನನ್ನು ಯಾರೂ ಕೇಳಲೇ ಇಲ್ಲವಲ್ಲ" ಎಂದ.

ಬಾಗಿಲ ಪಕ್ಕ ನಿಂತಿದ್ದ ಸೊಸೆ ಅಂಗಳಕ್ಕೆ ಬಂದಳು. ಆ ಮನೆಗೆ ಬಂದ ಮೇಲೆ ಮೊದಲ ಸಲ ತಲೆ ಎತ್ತಿ, ದನಿ ಎತ್ತಿ, "ಕೇಳಿದೆ ಮಾವ. ಎರಡು ಸಲ ಕೇಳಿದೆ" ಎಂದಳು.

ಅವಳ ದನಿ ಹೇಗಿದೆ ಎಂದು ಅವನಿಗೆ ಅವತ್ತು ತಿಳಿಯಿತು. ಬಾಗಿಲ ಬಳಿ ಅವಳು ನಿಂತದ್ದು, ತಾನು ಹೂಂ ಅಂದದ್ದು, ನಿನ್ನೆಯದು ಚೆನ್ನಾಗಿತ್ತು ಅಂದದ್ದು ಎಲ್ಲವೂ ಅವನಿಗೆ ಅರ್ಥವಾಯಿತು.  ನನ್ನ ಕಿವಿಗೆ ಬೀಳಲಿಲ್ಲ ಎಂದು ಹೇಳಬೇಕಿತ್ತು. ಬಾಯಿಂದ ಬಂದದ್ದು ಇಷ್ಟೇ. "ಇಲ್ಲ ಕಣವ್ವ. ಕೇಳಲಿಲ್ಲ."

ಗೊತ್ತಾಯಿತೇ, ಮರುಳಸಿದ್ಧ? ಕೇಳಲಿಲ್ಲ. ನನಗೆ ಕೇಳಲಿಲ್ಲ ಎಂದು ಅವನು ಹೇಳಿದ. ನೀನು ಕೇಳಲಿಲ್ಲ ಎಂದು ಅಂಗಳಕ್ಕೆ ಅಂಗಳವೇ ತಿಳಿಯಿತು. ನಮ್ಮ ಭಾಷೆಯಲ್ಲಿ ಎರಡಕ್ಕೂ ಒಂದೇ ಮಾತು. ಅವನಿಗೆ ಕಿವಿ ಕೇಳುವುದಿಲ್ಲ ಎಂಬುದು ಊರಿಗೆ ಗೊತ್ತಿದ್ದರೆ ಸರಿಯಾದ ಅರ್ಥ ತಾನಾಗಿ ಹೊಳೆಯುತ್ತಿತ್ತು. ಊರಿಗೆ ಗೊತ್ತಿರಲಿಲ್ಲ. ಗೊತ್ತಾಗಬಾರದು ಎಂದೇ ತಾನೆ ಕಡಲೆಕಾಳಿನಷ್ಟರದನ್ನು ತಂದದ್ದು.

ತೂಕದ ಮನುಷ್ಯ ಸುಳ್ಳಾಡುತ್ತಾನೆಯೇ? ಹುಡುಗಿಯೇ ಸುಳ್ಳಿ ಎಂದು ಜನ ತಂತಮ್ಮಲ್ಲೇ ಅಂದುಕೊಂಡರು. ಸೋದರಮಾವ ಕೂಡ ಅವಳ ಕಡೆ ತಿರುಗಿ, "ಬಾಯಿ ಬಿಟ್ಟು ಕೇಳುವುದಕ್ಕೂ ಆಗಲಿಲ್ಲವೇ ನಿನಗೆ?" ಎಂದ. ತಾಯಿ ಸತ್ತ ಸುದ್ದಿ ಕೇಳಿ ಇನ್ನೂ ಅಳುವುದಕ್ಕೂ ಆಗಿಲ್ಲ, ಅಷ್ಟರಲ್ಲಿ ಅವಳ ತಲೆಯ ಮೇಲೆ ಈ ಮಾತು ಬಿತ್ತು.

ಯಜಮಾನನಿಗೆ ಜನ ಅಂದದ್ದು ಕೇಳಲಿಲ್ಲ. ಆದರೆ ಸೊಸೆಯ ಮುಖ ಕಂಡಿತು. ತನ್ನ ಮಾತು ಎಲ್ಲೋ ತಪ್ಪಾಗಿ ಬಿದ್ದಿದೆ ಎಂದು ತಿಳಿದು ಅವನ ಕೈ ಕಿವಿಯ ಕಡೆ ಎದ್ದಿತು. ಆ ಕಾಳನ್ನು ಕಿತ್ತು ಎಲ್ಲರಿಗೂ ತೋರಿಸಬೇಕು ಎಂದು ಅವನು ಹೊರಟಿದ್ದ. ಹಿರಿಯ ಮಗ ಆ ಕೈ ಹಿಡಿದುಕೊಂಡ. "ಜನ ನಿಂತಿದ್ದಾರೆ ಅಪ್ಪ. ಒಳಗೆ ನಡಿ" ಎಂದು ತೋಳು ಹಿಡಿದು ಒಳಗೆ ನಡೆಸಿಕೊಂಡು ಹೋದ.

ಇಂಥವನಿಗೆ ಏನನ್ನಬೇಕು, ನನಗೆ ಮಾತು ಸಿಗುವುದಿಲ್ಲ. ಅಪ್ಪನ ಮರ್ಯಾದೆ ಉಳಿಸಿದೆ ಎಂದುಕೊಂಡನಂತೆ. ಒಂದು ಹೆಣ್ಣು ಮಗು ಅಂಗಳದ ನಡುವೆ ಸುಳ್ಳಿಯಾಗಿ ನಿಂತಿತ್ತು. ಅವಳದು ಸತ್ಯ ಎಂದು ಆ ಅಂಗಳದಲ್ಲಿ ಹೇಳಬಲ್ಲವನು ಅವನೊಬ್ಬನೇ. ಅವನು ಕದ ಹಾಕಿಕೊಂಡ. ಅವಳು ಆ ಗಂಟು ಎತ್ತಿಕೊಂಡು ಸೋದರಮಾವನ ಹಿಂದೆ ಬಸ್ಸಿಗೆ ನಡೆದಳು.

ತಾಯಿಯ ಹನ್ನೊಂದನೆಯ ದಿನದ ಕಾರ್ಯ ಮುಗಿದ ಮೇಲೆ ಗಂಡ ಹೋಗಿ ಅವಳನ್ನು ಕರೆದುಕೊಂಡು ಬಂದ. ಅವಳು ಬಂದಳು. ಮನೆಗೆಲಸ ಮೊದಲಿನಂತೆಯೇ ನಡೆಯಿತು.

ಗುರುಗಳು ಇಷ್ಟು ಹೇಳಿ ಮೊರವನ್ನು ಮತ್ತೆ ಎಳೆದುಕೊಂಡರು.  ಒಂದೆರಡು ಕಾಯಿ ಬಿಡಿಸಿದರು.

 ಮರುಳಸಿದ್ಧ ಕೇಳಿದ. "ಆಮೇಲಾದರೂ ಆ ಯಜಮಾನನಿಗೆ ಸರಿಯಾದ ಮಿಷನ್ನು ತಂದರೇ, ಬುದ್ಧಿ?"

"ತಾನೇ ಹೋಗಿ ಆ ಪೆಟ್ಟಿಗೆಯನ್ನು ತಂದು ಊರಿಗೆಲ್ಲ ಕಾಣುವ ಹಾಗೆ ಎದೆಗೆ ಕಟ್ಟಿಕೊಂಡ" ಎಂದರು ಗುರುಗಳು. "ಅಷ್ಟು ಹೊತ್ತಿಗೆ ಸೊಸೆ ಮಾತು ಬಿಟ್ಟಿದ್ದಳು."